ಟಿ. ದಾಸರಹಳ್ಳಿ ಪರಿಸರದಲ್ಲಿ ಸೈನಿಕ ಸೇವೆ ಮತ್ತು ಮಾಜಿ ಸೈನಿಕರ ಋಣ: ಚರಿತ್ರೆ

ಬೆಂಗಳೂರು ಉತ್ತರ ಭಾಗದಲ್ಲಿ ತುಮಕೂರು ರಸ್ತೆಯ ಮೇಲಿರುವ ಟಿ. ದಾಸರಹಳ್ಳಿ, ಅದನ್ನು ಸುತ್ತಿರುವ ಜಾಲಹಳ್ಳಿ, ಪೀಣ್ಯ, ಬಾಗಲಗುಂಟೆ, ಮಲ್ಲಸಂದ್ರ, ಶೆಟ್ಟಿಹಳ್ಳಿ ಹಾಗೂ ಇನ್ನೂ ಉತ್ತರಕ್ಕಿರುವ ಹೆಬ್ಬಾಳ, ಯಲಹಂಕಗಳಲ್ಲಿ ಸೈನಿಕ ಸೇವೆಯನ್ನು ಸಮಾಜ ಹೇಗೆ ಕಂಡಿತು, ಸೇವೆ ಮುಗಿಸಿ ಬಂದವರಿಗೆ ಏನು ಕೊಟ್ಟಿತು ಎಂಬುದು ಈ ಲೇಖನದ ವಿಷಯ. ದಾಸರಹಳ್ಳಿ ಮೊದಲು ಗ್ರಾಮವಾಗಿತ್ತು, ಬಳಿಕ ನಗರಸಭೆಯಾಯಿತು. 2007ರಲ್ಲಿ ಯಲಹಂಕ, ಬ್ಯಾಟರಾಯನಪುರ ಮೊದಲಾದ ನಗರಸಭೆಗಳ ಜೊತೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು.

ನಗರದ ಚರಿತ್ರೆ ಬರೆದವರಲ್ಲಿ ಹೆಚ್ಚಿನವರು ಬೆಂಗಳೂರಿನ ಸೈನಿಕ ಬದುಕನ್ನು 1809ರಲ್ಲಿ ಹಲಸೂರಿನ ಬಳಿ ನೆಲೆಗೊಂಡ ದಂಡಿನಿಂದಲೇ ಆರಂಭಿಸುತ್ತಾರೆ. ಹೀಗಾಗಿ ಉತ್ತರದ ಹಳ್ಳಿಗಳು ಲೆಕ್ಕಕ್ಕೆ ಸಿಗುವುದೇ ಇಲ್ಲ. ಇದಕ್ಕೆ ಇನ್ನೊಂದು ಗೊಂದಲ ಸೇರಿದೆ: ಮಡಿದ ಯೋಧನ ಸ್ಮರಣೆ ಮತ್ತು ಬದುಕಿ ಬಂದ ಯೋಧನ ಹಕ್ಕು ಎಂಬ ಎರಡು ಬೇರೆ ಸಂಗತಿಗಳನ್ನು ಒಂದೇ ಶೀರ್ಷಿಕೆಯಡಿ ಬರೆಯುವ ರೂಢಿ. ಈ ಎರಡು ಒಂದು ಕಾಲದಲ್ಲಿ ಒಂದೇ ಕಲ್ಲಿನ ಮೇಲೆ ಇದ್ದವು. ಈಗ ಒಂದು ಸ್ಮಾರಕದ ಬಳಿ, ಇನ್ನೊಂದು ಪಿಂಚಣಿ ಕಚೇರಿಯ ಕಡತದಲ್ಲಿ ಇದೆ. ಈ ಅಗಲಿಕೆ ಹೇಗಾಯಿತು ಎಂಬುದೇ ಇಲ್ಲಿನ ಚರಿತ್ರೆಯ ಮುಖ್ಯ ಎಳೆ.

ಶಾಸನಗಳ ಕಾಲ

ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿಗಾಗಿ ಅಗೆಯುವಾಗ ಒಂದು ವೀರಗಲ್ಲು ಹೊರಬಂತು. ಅದನ್ನು ಗುರುತಿಸಿ ಉಳಿಸಿದವರು ಬೆಂಗಳೂರಿನ ಶಾಸನಗಳನ್ನು ಹುಡುಕುತ್ತಿದ್ದ ನಾಗರಿಕರ ತಂಡ. ಗಂಗ ದೊರೆ ಶ್ರೀಪುರುಷನ ಆಳ್ವಿಕೆಯ ಈ ಶಾಸನದ ಕಾಲ ಸುಮಾರು ಕ್ರಿ.ಶ. 750. ರಾಷ್ಟ್ರಕೂಟರ ಕಡೆಯ ದಾಳಿಯನ್ನು ಎದುರಿಸಿ ಸತ್ತ ಕಿತ್ತಯ್ಯ ಎಂಬ ಯೋಧನ ಸ್ಮರಣೆ ಅದರಲ್ಲಿದೆ. ಹೆಬ್ಬಾಳವು ಆಗಲೇ ಒಂದು ನಾಡಿನ ಕೇಂದ್ರವಾಗಿತ್ತು ಎಂಬುದೂ ಇದರಿಂದ ಖಚಿತವಾಯಿತು. ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಬೆಂಗಳೂರು ಜಿಲ್ಲೆಯ ಸಂಪುಟದಲ್ಲಿ ಈ ಕಲ್ಲು ಸೇರಿರಲಿಲ್ಲ. ಬಡಾವಣೆಗಳು ಎದ್ದಂತೆ ರೈಸ್ ದಾಖಲಿಸಿದ ಕಲ್ಲುಗಳೂ ಎಷ್ಟೋ ಕಳೆದುಹೋಗಿವೆ. ಹೀಗಿರುವಾಗ ಕಿತ್ತಯ್ಯನ ಕಲ್ಲು ಸಿಕ್ಕಿದ್ದು ಉತ್ತರ ಬೆಂಗಳೂರಿನ ಚರಿತ್ರೆಯನ್ನೇ ಹಿಂದಕ್ಕೆ ಒಯ್ದ ಘಟನೆ. ನಗರದ ಹೆಸರಿನ ಹಳೆಯ ದಾಖಲೆಯೂ ಯೋಧನೊಬ್ಬನ ಸಾವಿನದೇ. ಸುಮಾರು 890ರ ಬೇಗೂರಿನ ಶಾಸನವು ಬೆಂಗಳೂರು ಕಾಳಗದಲ್ಲಿ ಸತ್ತವನನ್ನು ನೆನೆಯುತ್ತದೆ.

ವೀರಗಲ್ಲೆಂದರೆ ಸತ್ತವನಿಗೆ ಸಲ್ಲಿಸಿದ ಗೌರವ ಎಂದಷ್ಟೇ ಸಾಮಾನ್ಯ ಪುಸ್ತಕಗಳು ಹೇಳುತ್ತವೆ. ಶಾಸನಗಳ ಪಾಠ ಇದಕ್ಕಿಂತ ಹೆಚ್ಚಿನದನ್ನು ಹೇಳುತ್ತದೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ಇನ್ನೊಂದು ಕಲ್ಲಿನಲ್ಲಿ ಆನೆ, ಕುದುರೆ, ಕಾಲಾಳುಗಳ ಯುದ್ಧದ ಕೆತ್ತನೆ ತುಂಬಿದೆ. ನೋಡುವವರ ಕಣ್ಣು ಅಲ್ಲೇ ನಿಲ್ಲುತ್ತದೆ. ಆದರೆ ಅದರ ಬರಹ ಒಂದು ಹಕ್ಕುಪತ್ರ. ಗಂಗರ ಸಾಮಂತ ನಾಗತರನು ಕಾಳಗದಲ್ಲಿ ಮಡಿದ ಮೇಲೆ ಗಂಗ ದೊರೆ ಎರೆಯಪ್ಪನು ಇರುಗನೆಂಬವನಿಗೆ ಅವನ ಸ್ಥಾನವನ್ನೂ ಬೆಂಪೂರು ಹನ್ನೆರಡರ ಹಳ್ಳಿಗಳನ್ನೂ ಕಲ್ನಾಡು ಎಂಬ ದತ್ತಿಯಾಗಿ ಕೊಟ್ಟ ವಿವರ ಅದರಲ್ಲಿದೆ. ಮಡಿದವನ ಮನೆಯವರಿಗೆ ಕೊಡುವ ಭೂಮಿಗೆ ನೆತ್ತರುಗೊಡಗಿ ಎಂಬ ಹೆಸರಿತ್ತು. ಬಾಳ್ಗಳ್ಚು ಎಂಬ ದತ್ತಿ ಬದುಕಿರುವ ವೀರನಿಗೂ ಸಲ್ಲುತ್ತಿತ್ತು. ಮದ್ದೂರು ಬಳಿಯ ಆತಕೂರಿನ ಶಾಸನ (ಸು. 949–50) ಇದಕ್ಕೆ ಸ್ಪಷ್ಟ ಸಾಕ್ಷಿ. ತಕ್ಕೋಲದ ಯುದ್ಧದಲ್ಲಿ ಹೋರಾಡಿ ಗೆದ್ದು ಬಂದ ಮಣಲೆರನಿಗೆ ಗಂಗ ಬೂತುಗನು ಊರುಗಳನ್ನು ಬಾಳ್ಗಳ್ಚಾಗಿ ಕೊಟ್ಟನು. ಮಣಲೆರನ ನಾಯಿ ಕಾಳಿ ಹಂದಿಯೊಡನೆ ಹೋರಾಡಿ ಸತ್ತಾಗ ಅದರ ಕಲ್ಲಿನ ಪೂಜೆಗೂ ಭೂಮಿ ಸಂದಿತು. ಇನ್ನೂ ಹಿಂದಕ್ಕೆ ಹೋದರೆ, ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದಾದ ಹಲ್ಮಿಡಿ ಶಾಸನವೂ (ಸು. 450) ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಹಲ್ಮಿಡಿ ಮತ್ತು ಮೂಳಿವಳ್ಳಿಗಳನ್ನು ಬಾಳ್ಗಳ್ಚು ಕೊಟ್ಟ ದಾಖಲೆಯೇ. ಯೋಧನ ಋಣ ತೀರಿಸುವ ಪತ್ರವಾಗಿ ಕನ್ನಡ ಗದ್ಯ ನಮ್ಮ ಕೈಗೆ ಬಂದಿದೆ ಎಂಬುದು ಪಠ್ಯಪುಸ್ತಕಗಳಲ್ಲಿ ಇನ್ನೂ ಸರಿಯಾಗಿ ನೆಲೆಯೂರಿಲ್ಲ.

ಈ ವ್ಯವಸ್ಥೆಯನ್ನು ಆದರ್ಶವೆಂದು ಹೊಗಳುವುದು ತಪ್ಪಾಗುತ್ತದೆ. ಊರು ಸಿಕ್ಕಿದ್ದು ನಾಯಕರಿಗೆ. ಅವರ ಹಿಂದೆ ನಿಂತು ಸತ್ತ ಕಾಲಾಳುಗಳಲ್ಲಿ ಬಹುಮಂದಿಗೆ ಹೆಸರೂ ಉಳಿಯಲಿಲ್ಲ. ಆದರೆ ಋಣವನ್ನು ಊರಿನವರ ಎದುರಿಗೆ, ಎಲ್ಲರೂ ಓದುವ ಹಾಗೆ, ಭೂಮಿಯ ಗಡಿಯ ಸಮೇತ ಕೊರೆದಿಡುತ್ತಿದ್ದರು ಎಂಬುದನ್ನು ಗಮನಿಸಬೇಕು.

ಪಾಳೆಗಾರರಿಂದ ಮೈಸೂರು ರಾಜ್ಯದವರೆಗೆ

ವಿಜಯನಗರ ಮತ್ತು ಯಲಹಂಕದ ನಾಡಪ್ರಭುಗಳ ಕಾಲದ ಸಂಗತಿ ಬೇರೆಡೆ ವಿವರವಾಗಿ ಬಂದಿದೆ. ಪಡೆ ಒದಗಿಸುವವನಿಗೆ ಭೂಮಿ, ಪಡೆಯಾಳಿಗೆ ಉಂಬಳಿ ಎಂಬ ಕ್ರಮವೇ ಆಗ ನಡೆಯಿತು. ಮೈಸೂರು ಅರಸರ ಕಾಲದಲ್ಲಿ ಹಳ್ಳಿಗಳಿಂದ ಬರುವ ಕಾಲಾಳುಗಳ ಪಡೆಗೆ ಕಂದಾಚಾರ ಎಂಬ ಹೆಸರಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಕಂದಾಚಾರದ ಪೇದೆಗಳು ಕ್ರಮೇಣ ಪೊಲೀಸ್ ಕೆಲಸಕ್ಕೆ ಇಳಿದರು. ಬೆಂಗಳೂರಿನ ಸುತ್ತಲಿನ ಒಕ್ಕಲು ಮನೆಗಳಿಗೆ ಆಯುಧ ಹಿಡಿಯುವುದು ಬೇಸಾಯದ ಜೊತೆಗೆ ನಡೆಯುವ ಕೆಲಸವಾಗಿದ್ದ ಕಾಲ ಇದರೊಂದಿಗೆ ಮುಗಿಯಿತು.

1799ರ ನಂತರ ಮೈಸೂರು ಸಂಸ್ಥಾನವು ಬ್ರಿಟಿಷರೊಡನೆ ಮಾಡಿಕೊಂಡ ಒಪ್ಪಂದದಂತೆ ಸಿಲೇದಾರ್ ಕುದುರೆ ಪಡೆಯನ್ನು ಸಾಕಬೇಕಾಯಿತು. 1807ರ ಒಪ್ಪಂದದಲ್ಲಿ ಅದರ ಸಂಖ್ಯೆ 4,000 ಎಂದು ನಿಗದಿಯಾಯಿತು. ಕುದುರೆ, ಆಯುಧ ಸವಾರನದೇ, ಸಂಬಳ ಸರ್ಕಾರದ್ದು. ಸಂಬಳ ಬಾಕಿ ಉಳಿದರೆ ಕುದುರೆಗೂ ಮನೆಗೂ ಒಟ್ಟಿಗೇ ಸಂಕಟ. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡಾಗ ಮುಂದಿಟ್ಟ ದೂರುಗಳಲ್ಲಿ ಪಡೆಗಳ ಸಂಬಳ ಬಾಕಿಯೂ ಸೇರಿತ್ತು. 1857ರ ನಂತರ ಬ್ರಿಟಿಷ್ ಸೇನೆ ಉತ್ತರದ ಕೆಲವು ಜನಾಂಗಗಳನ್ನೇ ‘ಯುದ್ಧಪ್ರಿಯ’ರೆಂದು ಕರೆದು ನೇಮಕವನ್ನು ಅತ್ತ ತಿರುಗಿಸಿತು. ಮದ್ರಾಸ್ ಸೇನೆ ಕುಗ್ಗಿತು. ‘ಕನ್ನಡಿಗರು ಸೇನೆಗೆ ಹೋಗುವವರಲ್ಲ’ ಎಂಬ ಮಾತು ಈ ನೇಮಕ ನೀತಿಯ ಫಲ. ಅದನ್ನು ಜನರ ಸ್ವಭಾವವೆಂದು ಬರೆದ ಪುಸ್ತಕಗಳು ಕಾರಣವನ್ನೂ ಪರಿಣಾಮವನ್ನೂ ಅದಲುಬದಲು ಮಾಡಿವೆ.

ಕೊಡಗಿನ ಸ್ಥಿತಿ ಬೇರೆ. ಅಲ್ಲಿ ಅರಸರಿಗೆ ಸೈನಿಕ ಸೇವೆ ಸಲ್ಲಿಸುವ ಮನೆತನಗಳಿಗೆ ಕಡಿಮೆ ಕಂದಾಯದ ಜಮ್ಮಾ ಭೂಮಿ ವಂಶಪಾರಂಪರ್ಯವಾಗಿ ಬಂದಿತ್ತು. ಬ್ರಿಟಿಷರು ಅದನ್ನು ಮುಂದುವರಿಸಿದರು, ಕೋವಿ ಇಟ್ಟುಕೊಳ್ಳಲು ವಿನಾಯಿತಿಯನ್ನೂ ಕೊಟ್ಟರು. ಜಮ್ಮಾ ಭೂಮಿಗೆ ಸೇರಿದ ಬಾಣೆ ಜಮೀನಿನ ಒಡೆತನದ ಪ್ರಶ್ನೆ 2011ರ ಕರ್ನಾಟಕ ಭೂ ಕಂದಾಯ ತಿದ್ದುಪಡಿಯವರೆಗೂ ಎಳೆದುಕೊಂಡು ಬಂತು. ಸೈನಿಕ ಸೇವೆಗೆ ಕೊಟ್ಟ ಭೂಮಿಯ ಲೆಕ್ಕ ಶತಮಾನಗಳ ನಂತರವೂ ಶಾಸನಸಭೆಯ ಮೇಜಿಗೆ ಬರುತ್ತದೆ ಎಂಬುದಕ್ಕೆ ಇದು ಉದಾಹರಣೆ.

ಹೈಫಾ ಮತ್ತು ಜೆ.ಸಿ. ನಗರ

ಆರ್.ಟಿ. ನಗರದ ಪಕ್ಕದ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. 1892ರಲ್ಲಿ ಕಟ್ಟಿದ ಸಂಸ್ಥಾನದ ಈ ಅಶ್ವದಳ ಮೊದಲ ಮಹಾಯುದ್ಧದಲ್ಲಿ ಸೂಯೆಜ್ ಕಾಲುವೆ ಮತ್ತು ಪ್ಯಾಲೆಸ್ಟೀನಿನಲ್ಲಿ ಹೋರಾಡಿತು. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೀನಿನ ಹೈಫಾ ಊರಿನಲ್ಲಿ ಸಿಕ್ಕ ವಿಜಯದ ಬಗ್ಗೆ ಕನ್ನಡದಲ್ಲಿ ಇತ್ತೀಚೆಗೆ ಬಹಳಷ್ಟು ಬರಹ ಬಂದಿದೆ. ಅದರಲ್ಲಿ ಜೋಧಪುರ, ಮೈಸೂರು, ಹೈದರಾಬಾದ್ ಮೂರೂ ದಳಗಳು ಒಟ್ಟಿಗೆ ಊರೊಳಗೆ ನುಗ್ಗಿದವು ಎಂದು ಬರೆಯುವುದುಂಟು. ದಾಖಲೆ ಹಾಗಿಲ್ಲ. ಊರಿನ ಮೇಲೆ ನೇರ ದಾಳಿ ಮಾಡಿದ್ದು ಜೋಧಪುರದ ಲ್ಯಾನ್ಸರ್ಸ್. ಮೈಸೂರಿನ ಸವಾರರು ಕಾರ್ಮೆಲ್ ಬೆಟ್ಟದ ಕಡೆಯಿಂದ ಶತ್ರು ಫಿರಂಗಿಗಳನ್ನು ಎದುರಿಸಿ, ಗುಂಡಿನ ಬೆಂಬಲ ಕೊಟ್ಟು, ಬಳಿಕ ಊರಿಗೆ ಇಳಿದರು. ಹೈದರಾಬಾದಿನವರಿಗೆ ಯುದ್ಧಕೈದಿಗಳನ್ನು ಕಾಯುವ ಕೆಲಸವಿತ್ತು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು (1922) ಮೂರೂ ದಳಗಳ ಒಟ್ಟು ಯುದ್ಧಸೇವೆಗೆ ನಿಂತವು. ಹೈಫಾದ ಒಂದೇ ದಿನದ ಚಿತ್ರವೆಂದು ಅವುಗಳನ್ನು ಓದಿದ್ದರಿಂದ ಈ ಗೊಂದಲ ಹುಟ್ಟಿತು. ಬೆಟ್ಟದ ಫಿರಂಗಿಗಳ ಎದುರಿಗೆ ಏರಿದ ಮೈಸೂರಿನವರ ಸಾಹಸ ನಿಜವಾದ ಲೆಕ್ಕದಲ್ಲೂ ದೊಡ್ಡದೇ.

ಸ್ವಾತಂತ್ರ್ಯಾನಂತರ ಸಂಸ್ಥಾನದ ಪಡೆಗಳು ಭಾರತೀಯ ಸೇನೆಯಲ್ಲಿ ವಿಲೀನವಾದವು. ಮೈಸೂರಿನ ಅಶ್ವದಳದ ಒಂದು ಪಾಲು 1953ರಲ್ಲಿ ರೂಪುಗೊಂಡ 61ನೇ ಕ್ಯಾವಲ್ರಿಗೆ ಸೇರಿತು. ಜೆ.ಸಿ. ನಗರದಲ್ಲಿ ಈಗ ಪ್ಯಾರಾಷೂಟ್ ರೆಜಿಮೆಂಟಿನ ತರಬೇತಿ ಕೇಂದ್ರವಿದೆ.

ಜಾಲಹಳ್ಳಿ: ಆಸ್ಪತ್ರೆ, ಕೈದಿಗಳು, ವಾಯುಪಡೆ, ಕಾರ್ಖಾನೆ

ದಾಸರಹಳ್ಳಿಯ ಮಟ್ಟಿಗೆ ನಿರ್ಣಾಯಕ ತಿರುವು ಎರಡನೇ ಮಹಾಯುದ್ಧ. ಬರ್ಮಾ ಗಡಿಯ ಗಾಯಾಳುಗಳಿಗಾಗಿ ಜಾಲಹಳ್ಳಿಯಲ್ಲಿ ದೊಡ್ಡ ಮಿಲಿಟರಿ ಆಸ್ಪತ್ರೆಗಳ ಸಮೂಹ ಎದ್ದಿತು. ಆಫ್ರಿಕಾದಲ್ಲಿ ಸೆರೆಸಿಕ್ಕ ಇಟಲಿಯ ಯುದ್ಧಕೈದಿಗಳನ್ನೂ ಬೆಂಗಳೂರಿನ ಶಿಬಿರಗಳಲ್ಲಿ, ಜಾಲಹಳ್ಳಿಯಲ್ಲಿ ಕೂಡ, ಇರಿಸಿದ್ದರು. ರಾಗಿ ಹೊಲಗಳ ನಡುವೆ ಬಂದ ಈ ವಸಾಹತು ಯುದ್ಧದ ನಂತರ ಖಾಲಿ ಬೀಳಲಿಲ್ಲ. 1949ರಲ್ಲಿ ವಾಯುಪಡೆಯ ತಾಂತ್ರಿಕ ತರಬೇತಿ ಕಾಲೇಜು ಜಾಲಹಳ್ಳಿಯಲ್ಲಿ ಆರಂಭವಾಯಿತು. ಸಂಪರ್ಕ, ವಿದ್ಯುತ್, ಎಲೆಕ್ಟ್ರಾನಿಕ್ಸ್ ವಿದ್ಯೆಗಳ ತರಬೇತಿ ಸಂಸ್ಥೆಗಳು ಸೇರಿ ದೇಶದ ಎಲ್ಲ ಮೂಲೆಗಳ ಏರ್‌ಮನ್‌ಗಳು ಇಲ್ಲಿ ಕಲಿತು ಹೋದರು. 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಸ್ಥಾಪನೆಯಾಯಿತು. ಎಚ್‌ಎಂಟಿಯ ಯಂತ್ರೋಪಕರಣ ಕಾರ್ಖಾನೆ 1955ರ ಹೊತ್ತಿಗೆ ಉತ್ಪಾದನೆ ಆರಂಭಿಸಿತು. 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯಿತು. ಯಲಹಂಕದ ವಾಯುನೆಲೆ 1963ರದು.

ಇದರ ಸಾಮಾಜಿಕ ಫಲ ಈ ಭಾಗದ ವಿಶೇಷ. ಕೊಡಗಿನಲ್ಲಿ ಮಾಜಿ ಸೈನಿಕ ಎಂದರೆ ಊರಿನ ಮಗ ಊರಿಗೆ ಮರಳಿದ್ದು. ದಾಸರಹಳ್ಳಿ, ಬಾಗಲಗುಂಟೆ, ಶೆಟ್ಟಿಹಳ್ಳಿಗಳಲ್ಲಿ ಮಾಜಿ ಸೈನಿಕರಲ್ಲಿ ಬಹಳಷ್ಟು ಮಂದಿ ಬೇರೆ ಜಿಲ್ಲೆ, ಬೇರೆ ರಾಜ್ಯದವರು. ತರಬೇತಿಗೆಂದು ಬಂದು ಊರಿನ ಹವೆ ಕಂಡವರು, ಜಾಲಹಳ್ಳಿಯಲ್ಲಿ ಕೊನೆಯ ಪೋಸ್ಟಿಂಗ್ ಮುಗಿಸಿದವರು, ಮಕ್ಕಳ ಓದಿಗಾಗಿ ಉಳಿದವರು. ಗ್ರಾಚ್ಯುಟಿ ಮತ್ತು ಕಮ್ಯುಟೇಶನ್ ಹಣದಲ್ಲಿ ಒಂದು ರೆವಿನ್ಯೂ ಸೈಟು ಕೊಂಡು, ಮೇಲೊಂದು ಬಾಡಿಗೆ ಮನೆ ಕಟ್ಟಿ ಬದುಕು ಮತ್ತೆ ಆರಂಭಿಸಿದರು. ಬೀದಿಯಲ್ಲಿ ಇವರಿಗೆ ‘ಮಿಲಿಟರಿ ಅಂಕಲ್’, ‘ಏರ್‌ಫೋರ್ಸ್‌ನೋರು’ ಎಂಬ ಹೆಸರು. ಬಡಾವಣೆಯ ಸಂಘಕ್ಕೆ ಕಾರ್ಯದರ್ಶಿ ಬೇಕಾದಾಗ, ಸ್ವಾತಂತ್ರ್ಯ ದಿನಕ್ಕೆ ಧ್ವಜ ಏರಿಸಬೇಕಾದಾಗ ಇವರನ್ನೇ ಕರೆಯುತ್ತಾರೆ. ಕ್ಯಾಂಟೀನ್ ಕಾರ್ಡ್ ಇರುವವರು ಎಂಬ ಕಾರಣಕ್ಕೂ ನೆನೆಯುತ್ತಾರೆ. ಈ ಗೌರವ ನಿಜವಾದದ್ದೇ. ಆದರೆ ನಲವತ್ತರೊಳಗೆ ನಿವೃತ್ತನಾದ ಹವಾಲ್ದಾರನಿಗೆ ಇನ್ನೂ ಇಪ್ಪತ್ತು ವರ್ಷ ದುಡಿಯುವ ಕೆಲಸ ಎಲ್ಲಿದೆ ಎಂಬ ಪ್ರಶ್ನೆಗೆ ಅದು ಉತ್ತರವಾಗಲಿಲ್ಲ.

ಕೆಲವು ಕಾಲ ಉತ್ತರ ಕೊಟ್ಟಿದ್ದು ಕಾರ್ಖಾನೆಗಳು. ಕೇಂದ್ರದ ಸಾರ್ವಜನಿಕ ಉದ್ದಿಮೆಗಳಲ್ಲಿ ‘ಸಿ’ ದರ್ಜೆಯ ಹುದ್ದೆಗಳಲ್ಲಿ ಶೇ 14.5, ‘ಡಿ’ ದರ್ಜೆಯಲ್ಲಿ ಶೇ 24.5 ಮಾಜಿ ಸೈನಿಕರು ಮತ್ತು ಮಡಿದವರ ಅವಲಂಬಿತರಿಗೆ ಮೀಸಲು. ಕೇಂದ್ರ ಸರ್ಕಾರಿ ಹುದ್ದೆಗಳಲ್ಲಿ ಇದು ಶೇ 10 ಮತ್ತು ಶೇ 20. ಕರ್ನಾಟಕದ 1977ರ ಸಾಮಾನ್ಯ ನೇಮಕಾತಿ ನಿಯಮಗಳಲ್ಲಿ ಶೇ 10. ವಾಯುಪಡೆಯಲ್ಲಿ ರೇಡಾರ್, ರೇಡಿಯೊ ಕಲಿತವನಿಗೆ ರಸ್ತೆಯಾಚೆಯೇ ಬಿಇಎಲ್ ಇದ್ದಾಗ ಈ ಅಂಕಿಗಳಿಗೆ ಅರ್ಥವಿತ್ತು. ಹಾಗೆಂದು ಮೀಸಲಾತಿಯ ಶೇಕಡಾವಾರನ್ನೇ ನೇಮಕದ ಲೆಕ್ಕವೆಂದು ಓದುವುದು ಹಳೆಯ ಕೈಪಿಡಿಗಳ ದೊಡ್ಡ ದೋಷ. ಹುದ್ದೆಯೇ ಕರೆಯದಿದ್ದರೆ ಶೇಕಡಾವಾರು ಯಾವುದರ ಮೇಲೆ? 1991ರ ನಂತರ ಸಾರ್ವಜನಿಕ ಉದ್ದಿಮೆಗಳ ನೇಮಕ ಕುಗ್ಗಿತು. ‘ಡಿ’ ದರ್ಜೆಯ ಕೆಲಸಗಳು ಗುತ್ತಿಗೆಗೆ ಹೋದವು. ಎಚ್‌ಎಂಟಿ ಗಡಿಯಾರ ಕಂಪನಿ ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿತು. ಮಾಜಿ ಸೈನಿಕನಿಗೆ ಉಳಿದದ್ದು ಬಹುಪಾಲು ಸೆಕ್ಯುರಿಟಿ ಕೆಲಸ. ಪೀಣ್ಯದ ಕಾರ್ಖಾನೆಯ ಗೇಟಿನಲ್ಲಿ, ಬ್ಯಾಂಕಿನ ಬಾಗಿಲಲ್ಲಿ, ಅಪಾರ್ಟ್‌ಮೆಂಟಿನ ರಿಜಿಸ್ಟರ್ ಮುಂದೆ ಹನ್ನೆರಡು ಗಂಟೆಯ ಪಾಳಿ. ದೇಶ ಖರ್ಚು ಮಾಡಿ ಕಲಿಸಿದ ವಿದ್ಯೆ ಹೀಗೆ ಬಳಕೆಯಾಗದೆ ಉಳಿಯುವುದು ಆ ಮನೆಗೂ ನಾಡಿಗೂ ನಷ್ಟ.

ಭೂಮಿಯ ಭರವಸೆ ಇದೇ ಹಾದಿ ಹಿಡಿಯಿತು. 1969ರ ಕರ್ನಾಟಕ ಭೂ ಮಂಜೂರಾತಿ ನಿಯಮಗಳಲ್ಲಿ ಮಾಜಿ ಸೈನಿಕರಿಗೆ ಒಂದು ಪಾಲು ಮೀಸಲಿದೆ. ಬೆಂಗಳೂರು ಉತ್ತರದಂಥ ತಾಲ್ಲೂಕಿನಲ್ಲಿ ಹಂಚಲು ಸರ್ಕಾರಿ ಜಮೀನೇ ಇಲ್ಲವಾದಾಗ ಅರ್ಜಿಗಳು ತಾಲ್ಲೂಕು ಕಚೇರಿಯಲ್ಲಿ ವರ್ಷಗಟ್ಟಲೆ ಕೂತವು.

ಪಿಂಚಣಿಯ ವಿವಾದ

ಸ್ವತಂತ್ರ ಭಾರತದಲ್ಲಿ ಸೈನಿಕರ ಋಣದ ಬಗ್ಗೆ ಅತಿ ಹೆಚ್ಚು ವಾದ ನಡೆದಿರುವುದು ಪಿಂಚಣಿಯ ಮೇಲೆ. 1973ಕ್ಕೆ ಮೊದಲು ಜವಾನರು ಮತ್ತು ಜೂನಿಯರ್ ಕಮಿಷನ್ಡ್ ಅಧಿಕಾರಿಗಳಿಗೆ (ಜೆಸಿಓ) ಕೊನೆಯ ಸಂಬಳದ ಸುಮಾರು ಶೇ 70 ಪಿಂಚಣಿ ಬರುತ್ತಿತ್ತು. ಮೂರನೇ ವೇತನ ಆಯೋಗದ ನಂತರ ನಾಗರಿಕ ನೌಕರರ ಪಿಂಚಣಿ ಏರಿತು, ಸೈನಿಕರದು ಶೇ 50ಕ್ಕೆ ಇಳಿಯಿತು. ಬಾಂಗ್ಲಾ ಯುದ್ಧ ಗೆದ್ದ ಮರುವರ್ಷಗಳಲ್ಲೇ ಹೀಗಾಯಿತು ಎಂಬ ನೋವು ಮಾಜಿ ಸೈನಿಕರಲ್ಲಿ ಇಂದಿಗೂ ಇದೆ. ಎರಡೂ ಸೇವೆಗಳಿಗೆ ಸಮಾನ ಅಳತೆ ಎಂಬುದು ಸರ್ಕಾರದ ಕಡೆಯ ವಾದ. ಆದರೆ ಸಮಾನತೆ ಎಂಬ ಮಾತು ಒಂದು ಸಂಗತಿಯನ್ನು ಮರೆಮಾಡಿತು. ಪೂರ್ಣ ಪಿಂಚಣಿಗೆ 33 ವರ್ಷದ ಸೇವೆ ಬೇಕಿತ್ತು. ಗುಮಾಸ್ತ ಅಷ್ಟು ವರ್ಷ ದುಡಿಯಬಲ್ಲ. ಸೇನೆಯೇ ಹದಿನೈದು, ಹದಿನೇಳು ವರ್ಷಕ್ಕೆ ಮನೆಗೆ ಕಳಿಸುವ ಜವಾನನಿಗೆ ಅದು ಸಾಧ್ಯವೇ ಇರಲಿಲ್ಲ. ಸೇವೆಯ ವರ್ಷಗಳಿಗೆ ಒಂದಿಷ್ಟು ಸೇರಿಸಿ ಲೆಕ್ಕ ಹಾಕುವ ಪರಿಹಾರ ಬಂದರೂ ಅಂತರ ಪೂರ್ತಿ ಮುಚ್ಚಲಿಲ್ಲ. 33 ವರ್ಷದ ಷರತ್ತು 2006ರಿಂದ ಹೋಯಿತು.

ಒಂದೇ ರ‍್ಯಾಂಕಿನಲ್ಲಿ ಅಷ್ಟೇ ವರ್ಷ ದುಡಿದವರಿಗೆ, ಯಾವ ವರ್ಷ ನಿವೃತ್ತರಾದರೂ, ಒಂದೇ ಪಿಂಚಣಿ ಎಂಬ ಬೇಡಿಕೆಯನ್ನು (ಓಆರ್‌ಓಪಿ) ರಾಜ್ಯಸಭೆಯ ಅರ್ಜಿಗಳ ಸಮಿತಿ 2011ರಲ್ಲಿ ಎತ್ತಿಹಿಡಿಯಿತು. 2015ರ ಜೂನ್‌ನಿಂದ ದೆಹಲಿಯ ಜಂತರ್ ಮಂತರ್‌ನಲ್ಲಿ ಮಾಜಿ ಸೈನಿಕರು ಧರಣಿ ಕೂತರು. ಆ ವರ್ಷದ ನವೆಂಬರ್ 7ರಂದು ಆದೇಶ ಹೊರಟಿತು, 2014ರ ಜುಲೈ 1ರಿಂದ ಅನ್ವಯವಾಯಿತು. ಪ್ರತಿ ವರ್ಷದ ಬದಲು ಐದು ವರ್ಷಕ್ಕೊಮ್ಮೆ ಪರಿಷ್ಕರಣೆ ಎಂಬ ಅಂಶ ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ಮಾರ್ಚ್‌ನಲ್ಲಿ ಕೋರ್ಟು ಸರ್ಕಾರದ ನೀತಿಯನ್ನು ಎತ್ತಿಹಿಡಿದು, 2019ರ ಪರಿಷ್ಕರಣೆಯನ್ನು ಮಾಡುವಂತೆ ಸೂಚಿಸಿತು. ವೈದ್ಯಕೀಯ ನೆರವಿನ ಇಸಿಎಚ್‌ಎಸ್ ಯೋಜನೆ 2003ರ ಏಪ್ರಿಲ್‌ನಿಂದ ನಡೆಯುತ್ತಿದೆ. ಜಿಲ್ಲೆಯ ಮಟ್ಟದ ಕೆಲಸ ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯದು. ಗುರುತಿನ ಚೀಟಿ, ಮಕ್ಕಳ ವಿದ್ಯಾರ್ಥಿವೇತನ, ವಿಧವೆಯರ ನೆರವು ಎಲ್ಲಕ್ಕೂ ಮೊದಲು ತಟ್ಟಬೇಕಾದ ಬಾಗಿಲು ಅದು.

ಸ್ಮರಣೆಯ ಹೊಸ ರೂಪ

1999ರ ಕಾರ್ಗಿಲ್ ಯುದ್ಧದ ನಂತರ ಮಡಿದ ಯೋಧನ ದೇಹವನ್ನು ಊರಿಗೆ ತರುವುದು ರೂಢಿಯಾಯಿತು. ಸಾವು ಟೆಲಿಗ್ರಾಂನಿಂದ ಬೀದಿಗೆ, ಟಿವಿಗೆ ಬಂತು. 2008ರಲ್ಲಿ ಮುಂಬೈ ದಾಳಿಯಲ್ಲಿ ಮಡಿದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರ ಮನೆ ಬೆಂಗಳೂರಿನಲ್ಲಿತ್ತು. ಯಲಹಂಕದ ಮುಖ್ಯ ರಸ್ತೆಯೊಂದಕ್ಕೆ ಅವರ ಹೆಸರಿಟ್ಟರು. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ 19 ಮದ್ರಾಸ್ ದಳದ ಹತ್ತು ಮಂದಿ ಹಿಮದಡಿ ಸಿಕ್ಕರು. ಅವರಲ್ಲಿ ಮೂವರು ಕರ್ನಾಟಕದವರು. ಆರನೇ ದಿನ ಜೀವಂತ ಸಿಕ್ಕಿದ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ 11ರಂದು ದೆಹಲಿಯಲ್ಲಿ ತೀರಿಕೊಂಡರು. ಆ ಮೂರು ದಿನ ನಾಡಿನ ದೇವಸ್ಥಾನ, ಮಸೀದಿ, ಚರ್ಚುಗಳಲ್ಲಿ ಒಬ್ಬ ಜವಾನನಿಗಾಗಿ ಪ್ರಾರ್ಥನೆ ನಡೆಯಿತು.

ಗುರುತಿಸುವಿಕೆ ಎಷ್ಟು ತಡವಾಗಬಲ್ಲದು ಎಂಬುದಕ್ಕೆ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ ಅವರ ಪ್ರಕರಣವನ್ನು ಇಲ್ಲಿ ಸೇರಿಸಬೇಕು. 1965ರ ಸೆಪ್ಟೆಂಬರ್ 7ರಂದು ಸರಗೋಧಾ ದಾಳಿಯಿಂದ ಅವರು ಮರಳಲಿಲ್ಲ. ಅವರು ತಮಗಿಂತ ವೇಗದ ಶತ್ರು ವಿಮಾನವನ್ನು ಎದುರಿಸಿ ಕೆಡವಿದ್ದು ತಿಳಿದುಬಂದದ್ದು ಪಾಕಿಸ್ತಾನದ ಕಡೆಯ ದಾಖಲೆ ಆಧರಿಸಿ ವಿದೇಶಿ ಲೇಖಕರೊಬ್ಬರು 1979ರಲ್ಲಿ ಬರೆದಾಗ. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷದ ಬಳಿಕ.

ಬೆಂಗಳೂರಿನ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ ದೇವನಹಳ್ಳಿ ತಾಲ್ಲೂಕಿನ ಕೊಯಿರಾದಿಂದ ತಂದ ಎತ್ತರದ ಏಕಶಿಲೆಯನ್ನು ನಿಲ್ಲಿಸಿ ಅದನ್ನು ವೀರಗಲ್ಲು ಎಂದೇ ಕರೆದಿದ್ದಾರೆ. ಸ್ವಾತಂತ್ರ್ಯಾನಂತರ ಮಡಿದವರ ಹೆಸರುಗಳು ಆ ಸ್ಮಾರಕದಲ್ಲಿವೆ. ಹಳೆಯ ವೀರಗಲ್ಲಿನಲ್ಲಿ ಇರುತ್ತಿದ್ದ ಭೂಮಿಯ ವಿವರ, ಕುಟುಂಬಕ್ಕೆ ಸಲ್ಲಬೇಕಾದದ್ದರ ಬರಹ ಇದರಲ್ಲಿಲ್ಲ. ಆ ಲೆಕ್ಕ ಬೇರೆ ಇಲಾಖೆಗೆ ಸೇರಿದೆ.

ಯಾರು ಮಾಜಿ ಸೈನಿಕ?

ಈ ಪ್ರಶ್ನೆ ಉತ್ತರ ಬೆಂಗಳೂರಿನಲ್ಲಿ ಬಹಳ ಮನೆಗಳಿಗೆ ಸಂಬಂಧಿಸಿದ್ದು. ಯಲಹಂಕದಲ್ಲಿ ಸಿಆರ್‌ಪಿಎಫ್ ಮತ್ತು ಬಿಎಸ್‌ಎಫ್ ನೆಲೆಗಳೂ ಇವೆ. ಈ ಪಡೆಗಳವರೂ ಕಾಶ್ಮೀರದಲ್ಲಿ, ಗಡಿಯಲ್ಲಿ ಸಾಯುತ್ತಾರೆ. 2019ರ ಪುಲ್ವಾಮಾ ದಾಳಿಯಲ್ಲಿ ಮಂಡ್ಯ ಜಿಲ್ಲೆಯ ಯೋಧನೂ ಮಡಿದ. ಮೆರವಣಿಗೆಯಲ್ಲಿ ಜನ ಭೇದ ಮಾಡುವುದಿಲ್ಲ. ನಿಯಮ ಮಾಡುತ್ತದೆ: ಅವು ಗೃಹ ಸಚಿವಾಲಯದ ಸಶಸ್ತ್ರ ಪೊಲೀಸ್ ಪಡೆಗಳು, ನಿವೃತ್ತರಿಗೆ ಮಾಜಿ ಸೈನಿಕರ ಮೀಸಲಾತಿಯಾಗಲಿ ಓಆರ್‌ಓಪಿಯಾಗಲಿ ಅನ್ವಯಿಸದು. 2004ರ ನಂತರ ಸೇರಿದವರು ಹೊಸ ಪಿಂಚಣಿ ವ್ಯವಸ್ಥೆಗೆ ಒಳಪಟ್ಟರು.

ಸೇನೆಗೆ ಸೇರುವವರ ವಲಯ ಈಚೆಗೆ ಹಿಗ್ಗಿದೆ. 2021ರ ಮೇ ತಿಂಗಳಲ್ಲಿ ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಿಂದ 83 ಮಹಿಳಾ ಜವಾನರ ಮೊದಲ ತಂಡ ಹೊರಬಂತು. ಮರುವರ್ಷ ಜೂನ್ 14ರಂದು ಅಗ್ನಿಪಥ ಯೋಜನೆ ಘೋಷಣೆಯಾಯಿತು. ಸೇವೆ ನಾಲ್ಕು ವರ್ಷ. ನಾಲ್ವರಲ್ಲಿ ಒಬ್ಬರಿಗೆ ಮುಂದುವರಿಯುವ ಅವಕಾಶ. ಉಳಿದವರಿಗೆ ಸುಮಾರು 11.71 ಲಕ್ಷ ರೂಪಾಯಿಯ ಸೇವಾ ನಿಧಿ. ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ, ಇಸಿಎಚ್‌ಎಸ್ ಇಲ್ಲ, ಮಾಜಿ ಸೈನಿಕ ಎಂಬ ಸ್ಥಾನವೂ ಇಲ್ಲ. ಯುವ ಸೇನೆ ಬೇಕು, ಪಿಂಚಣಿಯ ಹೊರೆ ಇಳಿಯಬೇಕು ಎಂಬುದು ಇದರ ಸಮರ್ಥನೆ. ದಾಸರಹಳ್ಳಿಯ ಬಡಾವಣೆಗಳಲ್ಲಿ ಇಪ್ಪತ್ತು ವರ್ಷದ ಸೇವೆ, ಅದರ ಪಿಂಚಣಿ, ಅದರಿಂದ ಕಟ್ಟಿದ ಮನೆ ಎಂಬ ಕ್ರಮದಿಂದ ಬೆಳೆದ ಮಾಜಿ ಸೈನಿಕರ ವರ್ಗಕ್ಕೆ ಈ ಹೊಸ ನಿಯಮದಲ್ಲಿ ಮುಂದುವರಿಕೆ ಇಲ್ಲ. ಬೆಂಗಳೂರಿನ ರೆಜಿಮೆಂಟಲ್ ಕೇಂದ್ರಗಳಲ್ಲೂ ಅಗ್ನಿವೀರರ ಮೊದಲ ತಂಡಗಳ ತರಬೇತಿ 2023ರ ಜನವರಿಯ ಹೊತ್ತಿಗೆ ಆರಂಭವಾಯಿತು. ಅವರ ನಾಲ್ಕು ವರ್ಷ ಮುಗಿಯುವುದು 2026ರ ಕೊನೆ, 2027ರ ಆರಂಭದಲ್ಲಿ. ಮರಳಿ ಬರುವವರಿಗಾಗಿ ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಶೇ 10 ಮೀಸಲಾತಿ 2022ರಲ್ಲಿ ಪ್ರಕಟವಾಯಿತು.